ಡಿ'ಸೋಜರ ಹೆಸರಿಗೆ ಸ್ಲ್ಯಾಶ್ ಹಾಕಿದರೆ ಸಾಕೇ?

"ಸರ್, ಫಾರ್ಮಿನಲ್ಲಿ ಡಿ'ಸೋಜ ಅಂತ ಟೈಪ್ ಮಾಡಿದ ಕೂಡಲೇ ಎರರ್ ಬರ್ತದೆ. ಆ್ಯಡ್‌ಸ್ಲ್ಯಾಶಸ್ ಹಾಕಿದ್ರೆ ಸಾಕಲ್ಲ?"

ನನ್ನ ಕ್ಲಾಸಿನಲ್ಲಿ ವರ್ಷಕ್ಕೆ ಹತ್ತು ಸಲವಾದರೂ ಬರುವ ಪ್ರಶ್ನೆ. ಆ್ಯಡ್‌ಸ್ಲ್ಯಾಶಸ್ ಅಂದರೆ ಕೋಟ್ ಮುಂದೊಂದು ಬ್ಯಾಕ್‌ಸ್ಲ್ಯಾಶ್ (\) ಸೇರಿಸುವ, ಪಿಎಚ್‌ಪಿ ಎಂಬ ವೆಬ್ ಪ್ರೋಗ್ರಾಮಿಂಗ್ ಭಾಷೆಯ ಫಂಕ್ಷನ್. ಬೇರೆ ಊರುಗಳಲ್ಲಿ ಈ ತೊಂದರೆ ಗೊತ್ತಾಗಲಿಕ್ಕೇ ತಿಂಗಳುಗಟ್ಟಲೆ ಬೇಕಾದೀತು. ಮಂಗಳೂರಿನಲ್ಲಿ ಹಾಗಲ್ಲ, ಸಾಫ್ಟ್‌ವೇರ್ ಶುರುವಾದ ದಿನವೇ ಒಬ್ಬ ಡಿ'ಸೋಜರೋ ಡಿ'ಸಿಲ್ವರೋ ಕೌಂಟರಿಗೆ ಬಂದೇ ಬರುತ್ತಾರೆ. ನಮಗದು ಪುಕ್ಕಟೆ ಟೆಸ್ಟಿಂಗ್.

ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕಳಿಸುವ ಆಜ್ಞೆಯಲ್ಲಿ, ಪಠ್ಯ ಇರುವುದು ಎರಡು ಒಂಟಿ ಕೋಟ್‌ಗಳ ನಡುವೆ. ಈ ಹೆಸರಿನವರನ್ನು ಹುಡುಕಲು ವೇರ್ ಹೆಸರು = 'ಡಿ'ಸೋಜ' ಎಂದು ಹೋದರೆ, 'ಡಿ' ಎಂಬಲ್ಲಿಗೇ ಹೆಸರು ಮುಗಿಯಿತು ಅಂತ ಡೇಟಾಬೇಸ್ ತಿಳಿಯುತ್ತದೆ. ಉಳಿದ ಸೋಜವನ್ನು ಆಜ್ಞೆ ಎಂದು ಓದಹೊರಟು ಮುಗ್ಗರಿಸುತ್ತದೆ. ಆ ಜಾಗದಲ್ಲಿ ಒಬ್ಬ ಕಿಲಾಡಿ ಬೇಕಂತಲೇ ನಿಜವಾದ ಆಜ್ಞೆ ಬರೆದರೆ ಅದು ಮುಗ್ಗರಿಸುವುದಿಲ್ಲ, ನಡೆದೇ ಹೋಗುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಅಂದರೆ ಇಷ್ಟೇ. ಫ್ರ್ಯಾಕ್ ಎಂಬ ಹ್ಯಾಕರ್ ಪತ್ರಿಕೆ 1998ರಲ್ಲೇ ಇದನ್ನು ಬರೆದಿತ್ತು.

ಈಗ ಸ್ಲ್ಯಾಶ್ ಪುರಾಣಕ್ಕೆ ಬರುವ. ಕೋಟ್ ಮುಂದೊಂದು ಬ್ಯಾಕ್‌ಸ್ಲ್ಯಾಶ್ ಇದ್ದರೆ ಕೋಟೆಯೇ ಕಟ್ಟಿದ ಹಾಗೆ ಎಂಬ ನಂಬಿಕೆ ಉಂಟಲ್ಲ, ಅದು ಸತ್ತರೂ ಸಾಯುವುದಿಲ್ಲ.

ಒಂದನೆಯದಾಗಿ, ಬ್ಯಾಕ್‌ಸ್ಲ್ಯಾಶ್ ಎಲ್ಲ ಡೇಟಾಬೇಸಿಗೂ ಅರ್ಥವಾಗುವ ಭಾಷೆಯೇ ಅಲ್ಲ. ಮೈಎಸ್‌ಕ್ಯೂಎಲ್ ಒಪ್ಪುತ್ತದೆ. ಎಸ್‌ಕ್ಯೂಎಲ್‌ಲೈಟ್‌ಗೆ ಅದೂ ಒಂದು ಮಾಮೂಲಿ ಅಕ್ಷರ, 9.1ನೇ ಆವೃತ್ತಿಯಿಂದ ಈಚೆಗೆ ಪೋಸ್ಟ್‌ಗ್ರೆಸ್ಸಿಗೂ ಹಾಗೆಯೇ. ಅಲ್ಲಿ ಡಿ\'ಸೋಜ ಎಂದು ಬರೆದರೆ ಕೋಟ್ ಅಲ್ಲೇ ಮುಚ್ಚಿಕೊಳ್ಳುತ್ತದೆ, ನಿಮ್ಮ ಸ್ಲ್ಯಾಶ್ ಹೆಸರಿನೊಳಗೆ ಕೂತು ನಗುತ್ತದೆ. ಎಸ್‌ಕ್ಯೂಎಲ್ ಮಾನಕದ ಕ್ರಮ ಕೋಟನ್ನೇ ಎರಡು ಸಲ ಬರೆಯುವುದು: ಡಿ''ಸೋಜ.

ಎರಡನೆಯದು, ಕೋಟೇ ಇಲ್ಲದ ಜಾಗ. ವೇರ್ ಸದಸ್ಯ_ನಂಬ್ರ = ಎಂದು ಬರೆದು ಮುಂದೆ ಫಾರ್ಮಿನಿಂದ ಬಂದದ್ದನ್ನು ಅಂಟಿಸಿದ್ದೀರಿ. ಬಂದದ್ದು 5 ಆರ್ 1=1, ಅಂದರೆ ನಂಬ್ರ 5 ಅಥವಾ 1=1; ಎರಡನೆಯದು ಎಲ್ಲರಿಗೂ ನಿಜ. ಅದರಲ್ಲಿ ಕೋಟ್ ಎಲ್ಲುಂಟು? ಸ್ಲ್ಯಾಶ್ ಯಾವುದಕ್ಕೆ ಹಾಕುತ್ತೀರಿ? ಸಂಘದ ಅಷ್ಟೂ ಸದಸ್ಯರ ಪಟ್ಟಿ ಹೊರಗೆ. ಕ್ಲಾಸಿನಲ್ಲಿ ಇದನ್ನು ತೋರಿಸಿದಾಗ ಪ್ರತಿ ಬ್ಯಾಚಿನಲ್ಲೂ ಒಂದು ಕ್ಷಣ ಫ್ಯಾನಿನ ಸದ್ದು ಮಾತ್ರ ಕೇಳುತ್ತದೆ. ನನಗದು ಇಷ್ಟ, ಸುಳ್ಳು ಯಾಕೆ ಹೇಳುವುದು.

ಕಂಪ್ಯೂಟರ್ ಅಕ್ಷರಗಳನ್ನು ಬೈಟ್ ಎಂಬ ಸಂಖ್ಯೆಗಳಾಗಿ ಇಡುವ ಕ್ರಮವೇ ಎನ್‌ಕೋಡಿಂಗ್. ಮೂರನೆಯದು ಚೀನೀ ಜಿಬಿಕೆ ಎನ್‌ಕೋಡಿಂಗಿನ ಚಮತ್ಕಾರ. 191, 39 ಎಂಬ ಎರಡು ಬೈಟ್ ಕಳಿಸಿದರೆ ಆ್ಯಡ್‌ಸ್ಲ್ಯಾಶಸ್ ಕೋಟ್ ಕಂಡು (ಅದೇ 39) ನಡುವೆ ತನ್ನ ಬ್ಯಾಕ್‌ಸ್ಲ್ಯಾಶ್, ಅಂದರೆ 92, ಸೇರಿಸುತ್ತದೆ. ಜಿಬಿಕೆಯಲ್ಲಿ 191, 92 ಕೂಡಿ ಒಂದು ಚೀನೀ ಅಕ್ಷರ. ಕಾವಲಿಗೆ ಇಟ್ಟ ಸ್ಲ್ಯಾಶನ್ನೇ ಕಳ್ಳ ನುಂಗಿದ, ಕೋಟ್ ಬತ್ತಲೆ.

ಇನ್ನು ಎರಡೆರಡು ಸಲ ಎಸ್ಕೇಪ್ ಮಾಡುವ (ಹೀಗೆ ಸ್ಲ್ಯಾಶ್ ಹಾಕುವ) ಭಕ್ತರು. ಪಿಎಚ್‌ಪಿಯಲ್ಲಿ ಹಿಂದೆ ಮ್ಯಾಜಿಕ್ ಕೋಟ್ಸ್ ಅಂತ ಇತ್ತು, ತಾನಾಗಿಯೇ ಸ್ಲ್ಯಾಶ್ ಹಾಕುತ್ತಿತ್ತು. ಅದರ ಮೇಲೆ ಇವರದ್ದೂ ಒಂದು. ಆಗ ಒಂದು ಅಂಗಡಿಯ ಬಿಲ್ ನೋಡಿದ್ದೆ, ಡಿ\\\\\\\'ಸೋಜ ಅಂತ ಪ್ರಿಂಟಾಗಿತ್ತು. ಏಳು ಸ್ಲ್ಯಾಶ್! ಗಿರಾಕಿಯ ವಿವರ ಎಡಿಟ್ ಮಾಡಿ ಉಳಿಸಿದ ಹಾಗೆ ಒಂದು, ಮೂರು, ಏಳು ಎಂದು ಬೆಳೆಯುತ್ತದೆ. ಇನ್ನೊಮ್ಮೆ ಉಳಿಸಿದ್ದರೆ ಹದಿನೈದು. 2012ರಲ್ಲಿ ಪಿಎಚ್‌ಪಿ 5.4 ಬಂದಾಗ ಆ ಮ್ಯಾಜಿಕ್ ಹೋಯಿತು, ಅಭ್ಯಾಸ ಹೋಗಲಿಲ್ಲ. ಇದರಿಂದ ಬೇಸತ್ತು ಹೆಸರಿನಲ್ಲಿ ಅಪಾಸ್ಟ್ರಫಿಯನ್ನೇ (ಡಿ'ಸೋಜದ ಆ ಒಂಟಿ ಕೋಟ್) ನಿಷೇಧಿಸುವವರಿಗೆ ಏನು ಹೇಳುವುದು? ಅವರ ಹೆಸರು ಅವರದ್ದು ಮಾರಾಯ್ರೆ.

ಹಾಗಾದರೆ ಎಂತ ಮಾಡುವುದು? ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಮೌಲ್ಯ ಬರುವಲ್ಲೆಲ್ಲ ಒಂದು ಪ್ರಶ್ನೆಚಿಹ್ನೆ ಇಟ್ಟು ಕ್ವೆರಿಯನ್ನು ಮೊದಲು ಕಳಿಸಿ, ಹೆಸರನ್ನು ಆಮೇಲೆ ಬೇರೆಯಾಗಿ ಕೊಡಿ. ದೇವಸ್ಥಾನದ ಸೇವಾ ಚೀಟಿ ಇದ್ದ ಹಾಗೆ. ಹೆಸರಿನ ಗೆರೆಯ ಮೇಲೆ "ಮಂಗಳಾರತಿ ಮಾಡಿ ಬಾಗಿಲು ಹಾಕಿ" ಅಂತ ನೀವು ಬರೆದರೂ ಭಟ್ರು ಅದನ್ನು ಹೆಸರೆಂದೇ ಓದಿ ಅರ್ಚನೆ ಮುಗಿಸುತ್ತಾರೆ, ಬಾಗಿಲು ಹಾಕುವುದಿಲ್ಲ. ಪಿಡಿಒ (ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಯಲ್ಲಿರುವ ಸಾಧನ) ಬಳಸುವವರು ಮೈಎಸ್‌ಕ್ಯೂಎಲ್ ಜೊತೆ ಎಮ್ಯುಲೇಟ್ ಪ್ರಿಪೇರ್ಸ್ ಎಂಬ ಸೆಟ್ಟಿಂಗ್ ಆಫ್ ಮಾಡಿ; ಇಲ್ಲದಿದ್ದರೆ ಅದು ಒಳಗೊಳಗೇ ಎಸ್ಕೇಪ್ ಮಾಡಿ ಅಂಟಿಸುವ ಹಳೇ ಕೆಲಸವನ್ನೇ ಮಾಡುತ್ತದೆ. ಟೇಬಲ್, ಕಾಲಮ್ ಹೆಸರುಗಳನ್ನು ಹೀಗೆ ಕೊಡಲು ಬರುವುದಿಲ್ಲ. ಆರ್ಡರ್ ಬೈ (ಸಾಲುಗಳನ್ನು ಕ್ರಮವಾಗಿ ಜೋಡಿಸುವ ಆಜ್ಞೆ) ಮುಂದೆ ಬರಬಹುದಾದ ಹೆಸರುಗಳ ಪಟ್ಟಿ ಕೋಡಿನಲ್ಲೇ ಇಟ್ಟುಕೊಂಡು ಹೋಲಿಸಿ ನೋಡಿ.

ಎಸ್ಕೇಪ್ ಮಾಡಿದ್ದಕ್ಕೇ ಕನ್ನಡವೆಲ್ಲ ಪ್ರಶ್ನೆಚಿಹ್ನೆ ಆಯ್ತು ಅಂತ ಅದರ ಮೇಲೆ ಗೂಬೆ ಕೂರಿಸುವವರೂ ಇದ್ದಾರೆ. ಅದು ಎಸ್ಕೇಪಿನ ತಪ್ಪಲ್ಲ. ಎಲ್ಲ ಭಾಷೆಗಳಿಗೂ ಒದಗುವ ಯುಟಿಎಫ್-8 ಎನ್‌ಕೋಡಿಂಗಿನಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್, ಎಲ್ಲವೂ 128 ಅಥವಾ ಅದಕ್ಕಿಂತ ಮೇಲೆ. 39, 92ರ ಹತ್ತಿರವೂ ಸುಳಿಯುವುದಿಲ್ಲ. ತಪ್ಪು ಇರುವುದು ಕ್ಯಾರೆಕ್ಟರ್ ಸೆಟ್ಟಿನಲ್ಲಿ, ಅಂದರೆ ಯಾವ ಎನ್‌ಕೋಡಿಂಗ್ ಎಂದು ಹೇಳುವ ಸೆಟ್ಟಿಂಗಿನಲ್ಲಿ. ಟೇಬಲ್, ಕನೆಕ್ಷನ್ ಎರಡನ್ನೂ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಮಾಡಿ. ಕಾಲಮಿನ ಅಳತೆಯೂ ಕಣ್ಣಿಗೆ ಕಂಡಷ್ಟಲ್ಲ: "ಮಂಗಳೂರು" ನಮಗೆ ನಾಲ್ಕಕ್ಷರ, ಮೈಎಸ್‌ಕ್ಯೂಎಲ್ ಲೆಕ್ಕದಲ್ಲಿ ಅನುಸ್ವಾರ, ಕೊಂಬು, ಸ್ವರಚಿಹ್ನೆ ಸೇರಿ ಏಳು, ಬೈಟ್ 21.

ಈಗಾಗಲೇ ಪ್ರಶ್ನೆಚಿಹ್ನೆ ಕಾಣುತ್ತಿದ್ದರೆ ಬೈಟ್‌ಗಳನ್ನೇ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ಆ ಕಾಲಮನ್ನು ನೋಡಿ. ಇ0 ಎಂದು ಶುರುವಾಗುವ ಮೂರು ಮೂರು ಬೈಟ್ ಕಂಡರೆ ಅಕ್ಷರ ಒಳಗೆ ಕ್ಷೇಮ, ತೋರಿಸುವ ಕನೆಕ್ಷನ್ ಮಾತ್ರ ಸರಿಮಾಡಬೇಕು. ಸಾಲಿಗೆ ಸಾಲು 3ಎಫ್ 3ಎಫ್ ಎಂದೇ ಇದ್ದರೆ ಪ್ರಶ್ನೆಚಿಹ್ನೆಯೇ ಒಳಗೆ ಕೂತಿದೆ. ಬ್ಯಾಕಪ್ ಇಲ್ಲದಿದ್ದರೆ ಹಳೇ ರಿಜಿಸ್ಟರ್ ತೆಗೆದು ಮೊದಲ ಹೆಸರಿನಿಂದ ಟೈಪ್ ಮಾಡಲು ಕೂತುಕೊಳ್ಳಿ.