ಕಾಡಿಸುವವಳ ಸ್ನೇಹವೇ ಎಲ್ಲರಿಗೂ ಯಾಕೆ ಬೇಕು?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಅವಳ ಕ್ಲಾಸಿನ ಒಬ್ಬ ಹುಡುಗಿ ಕೆಲವರನ್ನು ಹೀಯಾಳಿಸುತ್ತಾಳೆ, ಗುಂಪಿನಿಂದ ದೂರ ಇಡುತ್ತಾಳೆ. ಇನ್ನು ಕೆಲವರ ಜೊತೆ ತುಂಬ ಪ್ರೀತಿಯಿಂದ ಇರುತ್ತಾಳೆ. ಆದರೂ ಎಲ್ಲರೂ ಅವಳ ಹಿಂದೆಯೇ ಇರುತ್ತಾರೆ. ಯಾಕೆ ಹೀಗೆ?

ಉತ್ತರ: ಮಗಳನ್ನು ಎರಡು ಪ್ರಶ್ನೆ ಕೇಳಿ ನೋಡಿ. ಕ್ಲಾಸಲ್ಲಿ ನಿನಗೆ ಯಾರು ಇಷ್ಟ? ಯಾರ ಮಾತು ನಡೆಯುತ್ತೆ? ಎರಡಕ್ಕೂ ಅವಳು ಒಂದೇ ಹೆಸರು ಹೇಳಬೇಕೆಂದಿಲ್ಲ.

1998ರಲ್ಲಿ ಜೆನಿಫರ್ ಪಾರ್ಕ್‌ಹರ್ಸ್ಟ್ ಮತ್ತು ಆಂಡ್ರಿಯಾ ಹಾಪ್‌ಮೇಯರ್ ಎಂಬ ಸಂಶೋಧಕರು ಈ ವ್ಯತ್ಯಾಸವನ್ನೇ ತೋರಿಸಿದರು. ಎಲ್ಲರಿಗೂ ಇಷ್ಟವಾದ ಮಕ್ಕಳ ಬಗ್ಗೆ ಸಹಪಾಠಿಗಳು, ಇವರು ಒಳ್ಳೆಯವರು, ನಂಬಬಹುದು ಎಂದರು. ಪಾಪ್ಯುಲರ್ ಅನಿಸಿಕೊಂಡಿದ್ದರೂ ಅಷ್ಟಾಗಿ ಇಷ್ಟವಾಗದವರಲ್ಲಿ ಅವರಿಗೆ ಕಂಡದ್ದು ದರ್ಪ. ಇಷ್ಟವೂ ಆದ, ಪಾಪ್ಯುಲರ್ ಕೂಡ ಅನಿಸಿಕೊಂಡ ಮಕ್ಕಳೂ ಇದ್ದರು. ಅಂದರೆ ಆ ಹುಡುಗಿಯ ಹಿಂದೆ ಇರುವವರಿಗೆಲ್ಲ ಅವಳ ಮೇಲೆ ಪ್ರೀತಿ ಇದೆ ಅಂತ ಅಲ್ಲ. ಅವಳ ಪಕ್ಕ ನಿಂತರೆ ತಮಗೂ ಒಂದು ಸ್ಥಾನ ಸಿಗುತ್ತೆ, ಅಷ್ಟೇ. ಹದಿಹರೆಯದಲ್ಲಿ ಆ ಸ್ಥಾನ ದೊಡ್ಡವರು ಅಂದುಕೊಳ್ಳುವುದಕ್ಕಿಂತ ತುಂಬ ಜಾಸ್ತಿ ಮುಖ್ಯ.

ಪ್ರಾಜೆಕ್ಟಿಗೆ ಗುಂಪು ಮಾಡುವ ಹೊತ್ತನ್ನೇ ನೋಡಿ. 'ನೀನು ನಮ್ಮ ಜೊತೆ ಬಾ' ಅಂತ ಅವಳು ಒಬ್ಬಳ ಕೈ ಹಿಡಿದು ಎಳೆದುಕೊಳ್ಳುತ್ತಾಳೆ. ಪಕ್ಕದಲ್ಲೇ ಕಾಯುತ್ತಾ ನಿಂತವಳ ಕಡೆ ತಿರುಗಿಯೂ ನೋಡುವುದಿಲ್ಲ. ಬೈಗುಳ ಇಲ್ಲ, ಹೊಡೆತ ಇಲ್ಲ. ದೂರು ಕೊಡೋಣ ಅಂದರೆ ಹೇಳುವುದಕ್ಕೂ ಏನೂ ಇಲ್ಲ. ಆದರೆ ಸುತ್ತ ಇದ್ದವರೆಲ್ಲ ಎರಡನ್ನೂ ನೋಡಿರುತ್ತಾರೆ. ಅವಳ ಜೊತೆ ಇದ್ದರೆ ಏನು ಸಿಗುತ್ತೆ, ಇಲ್ಲದಿದ್ದರೆ ಏನಾಗುತ್ತೆ ಅಂತ ಅವರಿಗೆ ಗೊತ್ತಾಗಿರುತ್ತೆ. ಹಾಗಾಗಿ ಅವಳ ಪ್ರೀತಿ ನಾಟಕ, ಕಾಟವೇ ನಿಜ ಅಂತ ತೀರ್ಮಾನ ಮಾಡಬೇಡಿ. ಎರಡೂ ನಿಜ, ಎರಡರಿಂದಲೂ ಅವಳ ಸ್ಥಾನ ಉಳಿಯುತ್ತೆ.

ಕಾಟ ಕೊಡುವವರು ಯಾವಾಗಲೂ ತುತ್ತತುದಿಯಲ್ಲೇ ಇರುತ್ತಾರೆ ಅಂತಲೂ ಇಲ್ಲ. ರಾಬರ್ಟ್ ಫ್ಯಾರಿಸ್ ಮತ್ತು ಡಯಾನ್ ಫೆಲ್ಮ್ಲೀ 2011ರ ಅಧ್ಯಯನದಲ್ಲಿ ಕಂಡದ್ದು ಇದು: ಸ್ಥಾನ ಏರುತ್ತಾ ಹೋದಂತೆ ಕಾಟವೂ ಏರುತ್ತೆ, ತೀರಾ ಮೇಲೆ ತಲುಪಿದವರಲ್ಲಿ ಮತ್ತೆ ಇಳಿಯುತ್ತೆ. ನನಗೆ ಇದು ಸಹಜವೇ ಅನಿಸುತ್ತೆ. ಇನ್ನೂ ಏರಬೇಕಾದವರಿಗೆ ಜಾರುವ ಭಯ ಇರುತ್ತೆ, ಅಲ್ವಾ?

ಹಾಗಾದರೆ ನೀವೇನು ಮಾಡಬಹುದು? 'ಅವಳ ಜೊತೆ ಸೇರಬೇಡ' ಅಂದರೆ ಸಾಲದು. ಮಗಳಿಗೆ ನಂಬಿಕಸ್ಥ ಗೆಳತಿ ಒಬ್ಬಳಾದರೂ ಇದ್ದಾಳಾ ನೋಡಿ, ಆ ಸ್ನೇಹಕ್ಕೆ ಮನೆಯಲ್ಲಿ ಜಾಗ ಕೊಡಿ.

ಇನ್ನು ಶಾಲೆಯ ವಿಷಯ. ಅಮೆರಿಕದ ನ್ಯೂಜೆರ್ಸಿಯ 56 ಶಾಲೆಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅರ್ಧದಷ್ಟು ಶಾಲೆಗಳಲ್ಲಿ ಕೆಲವು ವಿದ್ಯಾರ್ಥಿಗಳ ಕೈಯಲ್ಲೇ ಕಾಟದ ವಿರುದ್ಧ ಪ್ರಚಾರ ಮಾಡಿಸಿದರು. ಉಳಿದ ಶಾಲೆಗಳಿಗೆ ಹೋಲಿಸಿದರೆ ಆ ಶಾಲೆಗಳಲ್ಲಿ ವಿದ್ಯಾರ್ಥಿಗಳ ನಡುವಿನ ಜಗಳದ ದೂರುಗಳು ಒಂದು ವರ್ಷದಲ್ಲಿ ಸುಮಾರು 30% ಕಡಿಮೆ ಇದ್ದವು. ಹೆಚ್ಚು ಜನ ಗಮನಿಸುವ ಮಕ್ಕಳು ಸೇರಿದ್ದ ಕಡೆ ಪರಿಣಾಮ ಇನ್ನೂ ಚೆನ್ನಾಗಿತ್ತು. ಅದಕ್ಕೇ ಟೀಚರ್ ಹತ್ತಿರ ಹೋದಾಗ ಆ ಹುಡುಗಿಯ ಹೆಸರು ಹೇಳಿ ಸುಮ್ಮನಾಗಬೇಡಿ. ಅವಳ ಪಕ್ಕ ನಿಂತು ನಗುವವರಲ್ಲಿ ಯಾರ ಮಾತನ್ನು ಉಳಿದವರು ಕೇಳುತ್ತಾರೆ ಅಂತಲೂ ಹೇಳಿ. ಕೆಲಸ ಅವರಿಂದಲೇ ಶುರುವಾಗಬಹುದು.