ಕ್ವಾರ್ಟರ್‌ಬ್ಯಾಕ್‌ನ ಕೈ ಕಟ್ಟುವುದು ಚಳಿಯೋ, ಗಾಳಿಯೋ?

ಜನವರಿ ಬಂತೆಂದರೆ ಅಮೆರಿಕನ್ ಫುಟ್‌ಬಾಲ್ ನೋಡುವವರ ಬಾಯಲ್ಲಿ ಹವಾಮಾನದ್ದೇ ಮಾತು. ಸೋತವರು ಮನೆಗೆ ಹೋಗುವ ಪ್ಲೇಆಫ್ ಪಂದ್ಯಗಳು ನಡೆಯುವುದೇ ಆಗ. ಗ್ರೀನ್ ಬೇ, ಬಫಲೊ, ಕಾನ್ಸಸ್ ಸಿಟಿಯಂಥ ಊರುಗಳು ಆ ಹೊತ್ತಿಗೆ ಹೆಪ್ಪುಗಟ್ಟಿರುತ್ತವೆ. ಎಲ್ಲರ ಕಣ್ಣೂ ಕ್ವಾರ್ಟರ್‌ಬ್ಯಾಕ್ ಮೇಲೆ. ಪ್ರತಿ ದಾಳಿಯಲ್ಲೂ ಚೆಂಡು ಮೊದಲು ಬರುವುದು ಅವನ ಕೈಗೆ. ಓಡುವವನಿಗೆ ಕೊಡಬೇಕೋ, ದೂರ ಎಸೆಯಬೇಕೋ ಅಂತ ಎರಡು-ಮೂರು ಸೆಕೆಂಡಲ್ಲಿ ತೀರ್ಮಾನಿಸುವವನೂ ಅವನೇ. ‘ಬೆಚ್ಚಗಿನ ಊರಿನ ಹುಡುಗ, ಈ ಚಳಿಯಲ್ಲಿ ಏನು ಎಸೆದಾನು’ ಅನ್ನೋ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಹಳೇ ಪಂದ್ಯಗಳನ್ನು ತೆಗೆದು ನೋಡಿದರೆ ಆ ಮಾತು ಅಷ್ಟಾಗಿ ನಿಲ್ಲುವುದಿಲ್ಲ.

ತಮಾಷೆ ಅಂದರೆ, ಪಾಸ್ ಎಸೆಯುವವನಿಗೆ ಇವತ್ತಿರುವ ಸ್ವಾತಂತ್ರ್ಯ ಸಿಕ್ಕಿದ್ದರಲ್ಲಿ ಚಳಿಯ ಪಾಲೂ ಇದೆ. 1932ರ ಡಿಸೆಂಬರ್‌ನಲ್ಲಿ ಷಿಕಾಗೊ ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ನಡುವೆ ಪ್ರಶಸ್ತಿ ನಿರ್ಧರಿಸುವ ಪಂದ್ಯ ನಡೆಯಬೇಕಿತ್ತು. ಹೊರಗೆ ವಿಪರೀತ ಹಿಮ. ಆಟವನ್ನು ಷಿಕಾಗೊ ಸ್ಟೇಡಿಯಂ ಎಂಬ ಒಳಾಂಗಣಕ್ಕೆ ಸಾಗಿಸಿದರು. ಅಲ್ಲಿ ಮೈದಾನ ಬರೀ 80 ಗಜ ಉದ್ದ. ಕೊನೆಗೆ ಬ್ರಾಂಕೊ ನಗುರ್ಸ್ಕಿ ಎಸೆದ ಪಾಸನ್ನು ರೆಡ್ ಗ್ರೇಂಜ್ ಹಿಡಿದು ಅಂಕ ತಂದ. ಎಸೆಯುವವನು ದಾಳಿ ಶುರುವಾಗುವ ಗೆರೆಯಿಂದ ಕನಿಷ್ಠ 5 ಗಜ ಹಿಂದೆ ಇರಬೇಕು ಅನ್ನೋದು ಆಗಿನ ನಿಯಮ. ನಗುರ್ಸ್ಕಿ ಅಷ್ಟು ಹಿಂದೆ ಇರಲಿಲ್ಲ ಅಂತ ಎದುರಾಳಿಗಳು ಜಗಳ ತೆಗೆದರು. ಅಂಕ ಉಳಿಯಿತು, ಬೇರ್ಸ್ 9-0ರಿಂದ ಗೆದ್ದಿತು. ಮರುವರ್ಷ ನಿಯಮವೇ ಬದಲಾಯಿತು. ಗೆರೆಯ ಹಿಂದೆ ಎಲ್ಲಿಂದ ಬೇಕಾದರೂ ಎಸೆಯಬಹುದು.

ಆ ಇಕ್ಕಟ್ಟಿನ ಪಂದ್ಯಕ್ಕಾಗಿ ಗೋಲ್ ಕಂಬಗಳನ್ನೂ ಮುಂದಕ್ಕೆ ತಂದು ಗೋಲ್ ಗೆರೆ ಮೇಲೆ ನಿಲ್ಲಿಸಿದ್ದರು. 1933ರಿಂದ ಅದೂ ಕಾಯಂ ಆಯಿತು. ಇದರ ಬೆಲೆ ತೆತ್ತವನು ಸ್ಯಾಮಿ ಬಾ ಎಂಬ ಕ್ವಾರ್ಟರ್‌ಬ್ಯಾಕ್. 1945ರ ಫೈನಲ್, ಕ್ಲೀವ್‌ಲ್ಯಾಂಡಿನ ಕೊರೆಯುವ ಚಳಿ. ವಾಷಿಂಗ್ಟನ್ ತಂಡದ ಬಾ ತನ್ನದೇ ಗೋಲ್ ಗೆರೆಯ ಹಿಂದಿನ ಪಟ್ಟಿಯೊಳಗೆ ನಿಂತು ಎಸೆದ ಚೆಂಡು ಅದೇ ಗೋಲ್ ಕಂಬಕ್ಕೆ ಬಡಿದು ಕೆಳಗೆ ಬಿತ್ತು. ಹಾಗಾದರೆ ಎದುರಾಳಿಗೆ 2 ಅಂಕ ಅಂತ ನಿಯಮವಿತ್ತು. ಪಂದ್ಯ ಮುಗಿದಾಗ ಕ್ಲೀವ್‌ಲ್ಯಾಂಡ್ ರಾಮ್ಸ್ 15, ವಾಷಿಂಗ್ಟನ್ 14. ಆ ನಿಯಮವನ್ನೂ ಮರುವರ್ಷ ತೆಗೆದುಹಾಕಿದರು. ಅದರಿಂದ ಸ್ಯಾಮಿ ಬಾಗೆ ಏನು ಬಂತು?

ಇನ್ನು ಚಳಿ ಅಂದ ಕೂಡಲೇ ಎಲ್ಲರೂ ಹೇಳುವ ‘ಐಸ್ ಬೌಲ್’. 1967ರ ಡಿಸೆಂಬರ್ 31, ಗ್ರೀನ್ ಬೇಯ ಲ್ಯಾಂಬೊ ಫೀಲ್ಡ್, ಮೈನಸ್ 25 ಡಿಗ್ರಿ ಸೆಲ್ಸಿಯಸ್. ನೆಲದಡಿ ಬಿಸಿ ಮಾಡಲು ಹಾಕಿದ್ದ ವಿದ್ಯುತ್ ತಂತಿಗಳ ವ್ಯವಸ್ಥೆ ಕೈಕೊಟ್ಟು ಮೈದಾನ ಕಲ್ಲಿನಂತಾಗಿತ್ತು. ಸೀಟಿ ತುಟಿಗೇ ಅಂಟಿಕೊಂಡಿದ್ದರಿಂದ ಅಂಪೈರ್‌ಗಳು ಕೂಗಿ ಕೂಗಿಯೇ ಪಂದ್ಯ ನಡೆಸಿದರು. ಡಲ್ಲಾಸ್ ಕೌಬಾಯ್ಸ್‌ನ ಡಾನ್ ಮೆರೆಡಿತ್ 25 ಸಲ ಎಸೆದು ತಂಡವನ್ನು ಮುಂದೆ ಸಾಗಿಸಿದ್ದು ಬರೀ 59 ಗಜ. ಅದೇ ಚಳಿ, ಅದೇ ನೆಲ, ಗ್ರೀನ್ ಬೇಯ ಬಾರ್ಟ್ ಸ್ಟಾರ್ 191 ಗಜ ಎಸೆದು ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಪಡೆಯುವ ಅಂಕ) ಕೊಟ್ಟ. ಮರಗಟ್ಟಿದ್ದು ಮೆರೆಡಿತ್‌ನ ಕೈಯೊಂದೇ ಅಲ್ಲ. ಅವನ ಪಾಸ್ ಹಿಡಿಯಬೇಕಿದ್ದ ಬಾಬ್ ಹೇಯ್ಸ್ 1964ರ ಒಲಿಂಪಿಕ್ಸ್‌ನ 100 ಮೀಟರ್ ಚಿನ್ನದ ಓಟಗಾರ. ಪಾಪ, ಚೆಂಡು ತನ್ನ ಕಡೆ ಬರದ ಆಟಗಳಲ್ಲಿ ಎರಡೂ ಕೈ ಪ್ಯಾಂಟಿನೊಳಗೆ ತುರುಕಿಕೊಂಡು ನಿಲ್ಲುತ್ತಿದ್ದ. ಎದುರಾಳಿಗಳಿಗೆ ಅಷ್ಟು ಸುಳಿವು ಸಾಕಾಯಿತು.

ಕೊನೆಯ 16 ಸೆಕೆಂಡ್. ಗೋಲ್ ಗೆರೆಗೆ ಒಂದು ಗಜವೂ ಇಲ್ಲ. ಹಿಂದಿನ ಎರಡು ಯತ್ನಗಳಲ್ಲಿ ಓಡಿದವನಿಗೆ ಆ ಮಂಜಿನ ಮೇಲೆ ಕಾಲೇ ನಿಂತಿರಲಿಲ್ಲ. ಬೇರೆಯವರ ಕೈಗೆ ಕೊಟ್ಟರೆ ಜಾರುತ್ತಾರೆ, ನಾನೇ ನುಗ್ಗುತ್ತೇನೆ ಅಂತ ಸ್ಟಾರ್ ಕೋಚ್ ವಿನ್ಸ್ ಲೊಂಬಾರ್ಡಿಗೆ ಹೇಳಿದ. ನುಗ್ಗಿದ. ಗ್ರೀನ್ ಬೇಗೆ ಗೆಲುವು, 21-17.

ಚಳಿ ನಿಜಕ್ಕೂ ಮಾಡುವುದೇನು? ದೇಹ ತನ್ನ ಬಿಸಿ ಉಳಿಸಿಕೊಳ್ಳಲು ಕೈಬೆರಳಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಬೆರಳ ತುದಿಯ ಸ್ಪರ್ಶ ಮಂಕಾಗುತ್ತದೆ. ಚೆಂಡಿನ ಮೇಲಿನ ದಾರದ ಹೊಲಿಗೆ ಎಲ್ಲಿದೆ ಅಂತ ಕಣ್ಣಲ್ಲಿ ನೋಡದೆ ಹುಡುಕಬೇಕಾದವನಿಗೆ ಇದು ದೊಡ್ಡ ಪೆಟ್ಟು. ಚಿನ್ನಸ್ವಾಮಿಯಲ್ಲಿ ಇಬ್ಬನಿ ಬಿದ್ದ ರಾತ್ರಿ ಸ್ಪಿನ್ನರ್ ಪಡುವ ಪಾಡು ನೆನಪಿಸಿಕೊಳ್ಳಿ, ಅಂಥದ್ದೇ. ಚೆಂಡಿನ ಚರ್ಮವೂ ಗಟ್ಟಿಯಾಗಿ ನುಣುಪಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ 13 ಪೌಂಡ್ ಒತ್ತಡಕ್ಕೆ ಗಾಳಿ ತುಂಬಿದ ಚೆಂಡು ಮೈನಸ್ 25ರಲ್ಲಿ ಪೂರ್ತಿ ತಣ್ಣಗಾದರೆ ಒತ್ತಡ ಸುಮಾರು 9ಕ್ಕೆ ಇಳಿಯುತ್ತದೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಬೇಕಂತಲೇ ಚೆಂಡಿನ ಗಾಳಿ ಇಳಿಸಿತು ಅಂತ 2015ರಲ್ಲಿ ಗಲಾಟೆ ಎದ್ದಾಗ ಅಮೆರಿಕ ಪೂರ್ತಿ ಚರ್ಚೆ ಮಾಡಿದ್ದು ಹೈಸ್ಕೂಲಿನ ಈ ಲೆಕ್ಕವನ್ನೇ. ಜೊತೆಗೆ ತಣ್ಣನೆ ಗಾಳಿ ಸಾಂದ್ರ. 20 ಡಿಗ್ರಿಗೆ ಹೋಲಿಸಿದರೆ ಮೈನಸ್ 20ರಲ್ಲಿ ಸುಮಾರು ಶೇ 15ರಷ್ಟು ಜಾಸ್ತಿ. ದೂರದ ಎಸೆತಕ್ಕೆ ಅಷ್ಟು ತಡೆ ಹೆಚ್ಚು.

ಇದಕ್ಕೆಲ್ಲ ಉಪಾಯಗಳೂ ಬಂದಿವೆ. ಸೊಂಟಕ್ಕೆ ಕಟ್ಟಿಕೊಂಡ ಚೀಲದಲ್ಲಿ ಬಿಸಿ ಪೊಟ್ಟಣ, ಬಿಸಿ ಬೆಂಚು, ಎಸೆಯುವ ಕೈಗೂ ಗ್ಲೌಸ್. ಮಿನ್ನೆಸೋಟಾ ವೈಕಿಂಗ್ಸ್‌ನ ಹಳೇ ಕೋಚ್ ಬಡ್ ಗ್ರಾಂಟ್ ಮಾತ್ರ ಮೈದಾನದ ಪಕ್ಕ ಹೀಟರ್ ಇಡಲು ಬಿಡುತ್ತಲೇ ಇರಲಿಲ್ಲ. ಅವರ ಲೆಕ್ಕವೇ ಬೇರೆ.

ಹಾಗಾದರೆ ಚಳಿಯೇ ಖಳನಾಯಕನಾ? ಬಫಲೊದ ಎರಡು ರಾತ್ರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅದೇ ಸ್ಟೇಡಿಯಂ, ಅದೇ ತಂಡಗಳು. 2021ರ ಡಿಸೆಂಬರ್ 6ರಂದು ಚಳಿ ತೀರಾ ಹೆಚ್ಚೇನಿರಲಿಲ್ಲ, ಬಿರುಗಾಳಿ ಮಾತ್ರ ಭಯಂಕರ. ಪೇಟ್ರಿಯಟ್ಸ್‌ನ ಮ್ಯಾಕ್ ಜೋನ್ಸ್ ಇಡೀ ಪಂದ್ಯದಲ್ಲಿ ಎಸೆದಿದ್ದೇ ಮೂರು ಪಾಸ್. ಓಡಿ ಓಡಿಯೇ 14-10ರಿಂದ ಗೆದ್ದರು. ಬಿಲ್ಸ್‌ನ ಜಾಶ್ ಆಲನ್ 30 ಸಲ ಎಸೆದು 145 ಗಜ ಗಳಿಸಿದ. ಆರು ವಾರ ಕಳೆದು, 2022ರ ಜನವರಿ 15ಕ್ಕೆ ಪ್ಲೇಆಫ್. ಮೈನಸ್ 14 ಡಿಗ್ರಿ, ಗಾಳಿ ಅಷ್ಟಾಗಿ ಇಲ್ಲ. ಅದೇ ಆಲನ್ 25ರಲ್ಲಿ 21 ಪಾಸ್ ತಲುಪಿಸಿ, 308 ಗಜ, ಐದು ಟಚ್‌ಡೌನ್. 47-17. ನನಗಂತೂ ಇದಕ್ಕಿಂತ ಸಾಕ್ಷಿ ಬೇಡ. ತಣ್ಣಗಾದ ಕೈಯನ್ನು ಬೆಚ್ಚಗೆ ಮಾಡಿಕೊಳ್ಳಬಹುದು, ಚೆಂಡನ್ನು ಪಕ್ಕಕ್ಕೆ ತಳ್ಳುವ ಗಾಳಿಗೆ ಮದ್ದಿಲ್ಲ.

ಚಳಿ, ಗಾಳಿ ಎರಡೂ ಕೂಡಿದರೆ ಹೇಗಿರುತ್ತದೆ ಅನ್ನೋದಕ್ಕೆ 1982ರ ಜನವರಿ 10ರ ಸಿನ್ಸಿನಾಟಿ ಇದೆ. ಮೈನಸ್ 23 ಡಿಗ್ರಿ, ಮೇಲೆ ಬೀಸುಗಾಳಿ. (ಗಾಳಿ ಸೇರಿಸಿದ ಚಳಿಯನ್ನು ಆಗ ಮೈನಸ್ 51 ಅಂದಿದ್ದರು. 2001ರಲ್ಲಿ ಲೆಕ್ಕದ ಸೂತ್ರ ಬದಲಾದ ಮೇಲೆ ಅದು ಮೈನಸ್ 39ರ ಆಸುಪಾಸಿಗೆ ಬಂತು. ಹಳೇ ಕಥೆ ಹೇಳುವವರು ಈಗಲೂ ದೊಡ್ಡ ಸಂಖ್ಯೆಯನ್ನೇ ಹೇಳುತ್ತಾರೆ ಬಿಡಿ.) ಸ್ಯಾನ್ ಡಿಯೆಗೊ ಚಾರ್ಜರ್ಸ್ ಎಂಟು ದಿನ ಮುಂಚೆ ಮಯಾಮಿಯ ಸೆಕೆಯಲ್ಲಿ ಬೆವರು ಸುರಿಸಿ ಗೆದ್ದು ಬಂದಿತ್ತು. ಇಲ್ಲಿ ಅವರ ಡಾನ್ ಫೌಟ್ಸ್‌ನ ಗಡ್ಡದಲ್ಲಿ ಮಂಜು ಕಟ್ಟಿಕೊಂಡಿತು, ಎರಡು ಪಾಸ್ ಎದುರಾಳಿ ಪಾಲಾದವು. ಬೆಂಗಾಲ್ಸ್‌ನ ಕೆನ್ ಆ್ಯಂಡರ್ಸನ್ 22ರಲ್ಲಿ 14 ಪಾಸ್ ತಲುಪಿಸಿ 27-7ರಿಂದ ಗೆದ್ದ. ಆ ಗಾಳಿಯಲ್ಲಿ ದೂರದ ಎಸೆತ ಕಷ್ಟ. ದೂರ ಎಸೆಯುವುದನ್ನೇ ನೆಚ್ಚಿಕೊಂಡಿದ್ದ ತಂಡ ಚಾರ್ಜರ್ಸ್.

ಇನ್ನು ಹುಟ್ಟಿದ ಊರಿನ ವಾದ. ಐಸ್ ಬೌಲ್ ಗೆದ್ದ ಸ್ಟಾರ್ ಅಲಬಾಮಾದವನು. ಆಲನ್ ಕ್ಯಾಲಿಫೋರ್ನಿಯಾದವನು, ಹಿಮದಲ್ಲಿ ಎಷ್ಟೋ ಪಂದ್ಯ ಗೆದ್ದ ಟಾಮ್ ಬ್ರೇಡಿ ಕೂಡ. 2024ರ ಜನವರಿಯಲ್ಲಿ ಮೈನಸ್ 20ರಲ್ಲಿ, ಹೆಲ್ಮೆಟ್ ಚೂರು ಹಾರಿದರೂ, ಮಯಾಮಿಯನ್ನು 26-7ರಿಂದ ಸೋಲಿಸಿದ ಪ್ಯಾಟ್ರಿಕ್ ಮಹೋಮ್ಸ್ ಟೆಕ್ಸಾಸ್‌ನವನು. 2008ರ ಜನವರಿಯಲ್ಲಂತೂ ಚಳಿಯ ಹುಲಿ ಅನ್ನಿಸಿಕೊಂಡಿದ್ದ ಬ್ರೆಟ್ ಫಾವ್ರ್ ಲ್ಯಾಂಬೊದಲ್ಲೇ, ಮೈನಸ್ 18ರಲ್ಲಿ, ಹೆಚ್ಚುವರಿ ಅವಧಿಯಲ್ಲಿ ಚೆಂಡನ್ನು ಎದುರಾಳಿ ಕೈಗೆ ಎಸೆದ. ಗೆದ್ದವನು ಬೆಚ್ಚಗಿನ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಎಲೈ ಮ್ಯಾನಿಂಗ್. 40 ಸಲ ಎಸೆದರೂ ಒಂದೂ ಎದುರಾಳಿ ಪಾಲಾಗಲಿಲ್ಲ.

ಚಳಿ ಊರಿನ ತಂಡ ಮನೆಯಲ್ಲಿ ಗೆಲ್ಲುತ್ತದೆ ಅನ್ನೋದರಲ್ಲೂ ಒಂದು ಮರೆತುಹೋಗುವ ಸಂಗತಿ ಇದೆ. ಪ್ಲೇಆಫ್ ಪಂದ್ಯ ಸಾಮಾನ್ಯವಾಗಿ ಮನೆಯಂಗಳದಲ್ಲಿ ಸಿಗುವುದು ಸೀಸನ್ ಪೂರ್ತಿ ಚೆನ್ನಾಗಿ ಆಡಿದವರಿಗೆ. ಬಿಸಿಲಲ್ಲೂ ಅವರೇ ಗೆಲ್ಲುತ್ತಿದ್ದರೇನೋ.

ಈಗ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಚಾವಣಿ ಇರುವ ಹೊಸ ಸ್ಟೇಡಿಯಂ ಯೋಜನೆ ಹಾಕಿಕೊಂಡಿದೆ. ಮಿನ್ನೆಸೋಟಾ 1982ರಲ್ಲೇ ಒಳಾಂಗಣಕ್ಕೆ ಹೋಗಿತ್ತು. ಬಫಲೊ ಬಿಲ್ಸ್ ಮಾತ್ರ 2026ಕ್ಕೆಂದು ಕಟ್ಟಿಸಿದ ಹೊಸ ಸ್ಟೇಡಿಯಂನಲ್ಲಿ ಪ್ರೇಕ್ಷಕರ ತಲೆ ಮೇಲೆ ಒಂದಿಷ್ಟು ಮಾಡು ಹಾಕಿಸಿ, ಮೈದಾನವನ್ನು ಆಕಾಶಕ್ಕೇ ತೆರೆದಿಟ್ಟಿದೆ.