ಆಯ್ಕೆ ಸಮಿತಿಯ ಶಿಫಾರಸಿಗೆ ಎಷ್ಟು ತೂಕ?

ಕಳೆದ ಮಳೆಗಾಲದ ಒಂದು ಸಂಜೆ ಮಂಗಳೂರಿನ ಹಂಪನಕಟ್ಟೆಯಲ್ಲಿರುವ ನಮ್ಮ ವಕೀಲಿ ಕಚೇರಿಗೆ ಅನುದಾನಿತ ಕಾಲೇಜೊಂದರ ಪ್ರಾಧ್ಯಾಪಕಿ ಬಂದರು. ಕೊಡೆಯನ್ನು ಬಾಗಿಲ ಬಳಿ ಒರಗಿಸಿ, ಪ್ಲಾಸ್ಟಿಕ್ ಚೀಲದಿಂದ ಒಂದೇ ಒಂದು ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಪ್ರಾಂಶುಪಾಲರ ಆಯ್ಕೆ ಸಮಿತಿಯ ನಡಾವಳಿಯ ಕೊನೆಯ ಪುಟದ ಜೆರಾಕ್ಸ್ ಪ್ರತಿ. ಅರ್ಹತಾ ಕ್ರಮದಲ್ಲಿ ಮೊದಲ ಹೆಸರು ಅವರದು, ಕೆಳಗೆ ಸದಸ್ಯರೆಲ್ಲರ ಸಹಿ. ಸಭೆ ನಡೆದು ಹದಿನಾಲ್ಕು ತಿಂಗಳು ಕಳೆದಿತ್ತು. ಕುರ್ಚಿಯಲ್ಲಿ ಇನ್ನೂ ಪ್ರಭಾರಿ ಪ್ರಾಂಶುಪಾಲರೇ ಇದ್ದರು. "ಸಮಿತಿ ಆರಿಸಿದ ಮೇಲೆ ಹುದ್ದೆ ನನ್ನದಲ್ಲವೇ?" ಎಂದು ಕೇಳಿದರು.

ಅಲ್ಲ ಎಂದೇ ಹೇಳಬೇಕಾಯಿತು. 1991ರ ಶಂಕರ್ಸನ್ ದಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನೇಮಕದ ಹಕ್ಕು ಹುಟ್ಟುವುದಿಲ್ಲ ಎಂದಿದೆ. ಎದುರು ಪಕ್ಷದ ವಕೀಲರು ಈ ಸಾಲನ್ನು ಓದಿ ಕುಳಿತುಬಿಡುತ್ತಾರೆ. ಆದರೆ ತೀರ್ಪು ಅಲ್ಲಿಗೇ ನಿಂತಿಲ್ಲ. ಹುದ್ದೆಯನ್ನು ತುಂಬದಿರುವ ತೀರ್ಮಾನಕ್ಕೆ ಪ್ರಾಮಾಣಿಕವಾದ, ಒಪ್ಪತಕ್ಕ ಕಾರಣ ಇರಬೇಕು. ತುಂಬುವುದಾದರೆ ಅರ್ಹತಾ ಕ್ರಮವನ್ನು ಗೌರವಿಸಬೇಕು ಎಂದೂ ಅದು ಹೇಳಿದೆ. 2024ರ ನವೆಂಬರಿನಲ್ಲಿ ತೇಜ್ ಪ್ರಕಾಶ್ ಪಾಠಕ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ಮಾತನ್ನು ಮತ್ತೆ ಗಟ್ಟಿಗೊಳಿಸಿದೆ.

ಹಾಗಾಗಿ ನಾನು ಮೊದಲು ಹುಡುಕುವುದು ಕಾರಣ ಬರೆದಿರುವ ಕಾಗದವನ್ನು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪ್ರಾಂಶುಪಾಲರಾಗಲು ಪಿಎಚ್.ಡಿ., 15 ವರ್ಷಗಳ ಅನುಭವ, 10 ಸಂಶೋಧನಾ ಪ್ರಕಟಣೆ, 110 ಸಂಶೋಧನಾ ಅಂಕ ಬೇಕು. ಆಯ್ಕೆಯ ಕೆಲಸವೆಲ್ಲ ಸಭೆಯ ದಿನವೇ ಮುಗಿಯಬೇಕು; ನಡಾವಳಿಯೂ ಅಂಕಪಟ್ಟಿಯೂ ಸದಸ್ಯರ ಸಹಿಯೊಂದಿಗೆ ಸಿದ್ಧವಾಗಬೇಕು. ಈ ನಿಯಮ ಎಷ್ಟು ಮುಖ್ಯ ಎಂಬುದು ಕಡತ ಬಿಡಿಸಿದಾಗ ತಿಳಿಯುತ್ತದೆ. ಹಿಂದೊಮ್ಮೆ ನಾನು ನೋಡಿದ ಅಂಕಪಟ್ಟಿಯಲ್ಲಿ ಒಬ್ಬ ಅಭ್ಯರ್ಥಿಯ ಸಂದರ್ಶನದ ಅಂಕ ಮೊದಲು ಪೆನ್ಸಿಲಿನಲ್ಲಿತ್ತು, ಅದರ ಮೇಲೆ ನೀಲಿ ಶಾಯಿಯಲ್ಲಿ ಬೇರೆ ಅಂಕಿ ಬರೆದಿತ್ತು, ಪಕ್ಕದಲ್ಲಿ ಕಿರುಸಹಿ ಇರಲಿಲ್ಲ. ನಮ್ಮ ಅರ್ಜಿ ನಿಂತದ್ದು ಆ ಒಂದು ಅಂಕಿಯ ಮೇಲೆ.

ಆದ್ದರಿಂದ ಪಟ್ಟಿ ಹೊರಬಂದ ವಾರದಲ್ಲೇ ಮಾಹಿತಿ ಹಕ್ಕು ಅರ್ಜಿ ಹಾಕಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಅನುದಾನಿತ ಕಾಲೇಜಾದರೆ ಮಂಗಳೂರಿನ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಗೂ ಒಂದು ಅರ್ಜಿ ಹೋಗಲಿ. ನಮ್ಮ ಅಧ್ಯಾಪಕರು ಸಂಕೋಚದ ಜನ. ಆಡಳಿತ ಮಂಡಳಿಯವರ ಮುಖ ನೋಡಿ ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಅಷ್ಟರಲ್ಲಿ ನ್ಯಾಯಾಲಯ ವಿಳಂಬದ ಕಾರಣ ಕೇಳುತ್ತದೆ.

ಎಲ್ಲಿಗೆ ಹೋಗಬೇಕು ಎಂಬಲ್ಲೂ ಜನ ಎಡವುತ್ತಾರೆ. ಸರ್ಕಾರಿ ಕಾಲೇಜಿನ ನೇಮಕದ ತಕರಾರು ಮೊದಲು ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು, ಹೈಕೋರ್ಟ್ ಆಮೇಲೆ. ಅನುದಾನಿತ ಕಾಲೇಜಿನದು ನೇರವಾಗಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ. ಎರಡಕ್ಕೂ ಇಲ್ಲಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೇ ಹೋಗಬೇಕು. ಜಿಲ್ಲೆಯಲ್ಲಿರುವ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿ ವಜಾ, ಹಿಂಬಡ್ತಿಯಂಥ ವಿಷಯಗಳಿಗೆ. ಆಯ್ಕೆಯ ತಕರಾರನ್ನು ಅಲ್ಲಿಗೆ ಒಯ್ದು ತಿಂಗಳುಗಳನ್ನು ಕಳೆದುಕೊಂಡವರನ್ನು ಕಂಡು ನೊಂದಿದ್ದೇನೆ.

ನಮ್ಮೂರಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳ ಕಾಲೇಜುಗಳು ಹಲವು. ಅರ್ಹರಲ್ಲಿ ತಮಗೆ ಬೇಕಾದವರನ್ನು ಪ್ರಾಂಶುಪಾಲರಾಗಿ ಆರಿಸಿಕೊಳ್ಳುವ ಹಕ್ಕು ಅವುಗಳಿಗಿದೆ, ಅನುದಾನ ಪಡೆದ ಮಾತ್ರಕ್ಕೆ ಅದು ಹೋಗುವುದಿಲ್ಲ ಎಂದು 2006ರ ಮಲಂಕರ ಸಿರಿಯನ್ ಕ್ಯಾಥೊಲಿಕ್ ಕಾಲೇಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಹೇಳಿದೆ. ಅಲ್ಲಿ ಸೇವಾ ಹಿರಿತನವೊಂದನ್ನೇ ನಂಬಿ ದಾವೆ ಹೂಡಬೇಡಿ.

ಗಡಿಯಾಚೆಯ ಕೇರಳದಲ್ಲಿ ಸರ್ಕಾರಿ ಕಾಲೇಜುಗಳಿಗೆ ಆಯ್ಕೆಯಾದ 43 ಪ್ರಾಂಶುಪಾಲರ ಪಟ್ಟಿಯನ್ನು ಕರಡೆಂದು ಪರಿಗಣಿಸಿ, ಕೈಬಿಟ್ಟವರ ಅಹವಾಲು ಕೇಳಲು ಮತ್ತೊಂದು ಸಮಿತಿ ಮಾಡಿದ್ದು 2023ರಲ್ಲಿ ದೊಡ್ಡ ವಿವಾದವಾಯಿತು. ಅರ್ಹರನ್ನು ಕೈಬಿಟ್ಟಿದ್ದರೆ ಅವರ ದೂರು ಕೇಳಲೇಬೇಕು. ಆದರೆ ಆ ದಾರಿ ಅಧಿಸೂಚನೆಯಲ್ಲೇ ಇರಬೇಕು. ಆಟದ ನಡುವೆ ನಿಯಮ ಬದಲಿಸಬಾರದೆಂಬ ತತ್ವಕ್ಕೆ ನಾನು ಬದ್ಧ.

ಪ್ರಾಧ್ಯಾಪಕಿಯ ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಬಂತು. ಶಿಫಾರಸನ್ನು ತಡೆಹಿಡಿದದ್ದಕ್ಕೆ ಕಾರಣ ತಿಳಿಸುವ ಒಂದು ಸಾಲೂ ಕಡತದಲ್ಲಿರಲಿಲ್ಲ. ಪ್ರಾಂಶುಪಾಲರ ಅವಧಿ 5 ವರ್ಷ, ಈ ಪ್ರಾಧ್ಯಾಪಕಿಯ ಸೇವೆ ಉಳಿದಿದ್ದುದು ಮೂರೇ ವರ್ಷ. ರಿಟ್ ಅರ್ಜಿಯ ಕೊನೆಯಲ್ಲಿ, ತೀರ್ಪು ಬರುವವರೆಗೆ ಬೇರೆಯವರನ್ನು ಖಾಯಂ ಆಗಿ ನೇಮಿಸದಂತೆ ಮಧ್ಯಂತರ ಆದೇಶವನ್ನೂ ಕೋರಿ ಸಹಿ ಮಾಡಿದೆವು.